ತೊಟ್ಟಿಲಿನ ಅರಿವೆ: ಹತ್ತೊಂಬತ್ತನೆಯ ಶತಮಾನದ ನಾಗಪುರದಲ್ಲಿ ಮತ್ತು ಕನ್ನಡ ನಾಡಿನಲ್ಲಿ ಕೈಹೊಲಿಗೆಯ ಶಿಶುವಸ್ತ್ರಗಳು

೧

ಅರಸರ ಉಡುಗೆತೊಡುಗೆಗಳನ್ನು ಕುರಿತು ನಮ್ಮ ಇತಿಹಾಸಕಾರರು ಸಾಕಷ್ಟು ಬರೆದಿದ್ದಾರೆ. ದೇವಾಲಯಗಳ ಶಿಲ್ಪಗಳನ್ನು ನೋಡಿ ಸ್ತ್ರೀಯರ ವಸ್ತ್ರಾಭರಣಗಳನ್ನು ಗುರುತಿಸಿದವರೂ ಉಂಟು. ಆದರೆ ಮನುಷ್ಯನು ಹುಟ್ಟಿದೊಡನೆ ಅವನ ಮೈಗೆ ತಾಗುವ ಮೊದಲ ಬಟ್ಟೆಯ ಚರಿತ್ರೆ ಮಾತ್ರ ಯಾರ ಗಮನವನ್ನೂ ಅಷ್ಟಾಗಿ ಸೆಳೆದಿಲ್ಲ. ಅದು ಹೆಂಗಸರ ಕೆಲಸ, ಮನೆಯೊಳಗಿನ ಕೆಲಸ, ಹಣಕ್ಕೆ ಮಾರದ ಕೆಲಸ. ಈ ಮೂರು ಕಾರಣಗಳಿಂದ ಅದು ಕಡತಗಳಿಂದ ಹೊರಗುಳಿಯಿತು. ಆದರೂ ಒಂದು ಕಾಲದ ಜನರು ಎಂಥ ಹತ್ತಿಯನ್ನು ಬೆಳೆದರು, ಯಾರಿಂದ ನೇಯಿಸಿದರು, ಮರಣಕ್ಕೆ ಎಷ್ಟು ಅಂಜಿದರು, ಹೊರನಾಡಿಗೆ ಹೋದಾಗ ಏನನ್ನು ಬಿಡಲಾರದೆ ಕೊಂಡೊಯ್ದರು ಎಂಬ ಪ್ರಶ್ನೆಗಳಿಗೆ ಒಂದು ಕುಂಚಿಗೆ ಉತ್ತರ ಕೊಡುವಷ್ಟು ಚೆನ್ನಾಗಿ ಅನೇಕ ದಫ್ತರಗಳು ಕೊಡಲಾರವು. ನಾಗಪುರ ಪ್ರಾಂತವನ್ನೂ ಕನ್ನಡ ನಾಡಿನ ಉತ್ತರ ಭಾಗವನ್ನೂ ಅಕ್ಕಪಕ್ಕದಲ್ಲಿಟ್ಟು ಈ ವಿಷಯವನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾಗಪುರಕ್ಕೂ ಕನ್ನಡಿಗರಿಗೂ ಇರುವ ಸಂಬಂಧ ಇಂದು ನಿನ್ನೆಯದಲ್ಲ. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ರಾಷ್ಟ್ರಕೂಟ ಮೂರನೆಯ ಕೃಷ್ಣನ ಶಕ ೮೬೨ರ, ಎಂದರೆ ಕ್ರಿ.ಶ. ೯೪೦ರ ತಾಮ್ರಪಟದಲ್ಲಿ ನಾಗಪುರ-ನಂದಿವರ್ಧನ ಎಂಬ ನಾಡಿನ ಹೆಸರು ಬಂದಿದೆ. ಸೀತಾಬರ್ಡಿಯ ಕಂಬದ ಶಾಸನವು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಅದರ ತೇದಿ ಶಕ ೧೦೦೮. ಆದರೆ ಸಿಂಹಾಸನದ ಸಂಬಂಧವೇ ಬೇರೆ, ತೊಟ್ಟಿಲಿನ ಸಂಬಂಧವೇ ಬೇರೆ. ಎರಡನೆಯದಕ್ಕೆ ಸಾಕ್ಷಿಯನ್ನು ಗ್ರಿಯರ್‌ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ನಾಲ್ಕನೆಯ ಸಂಪುಟದಲ್ಲಿ (೧೯೦೬) ಕಾಣಬಹುದು. ಮಧ್ಯಪ್ರಾಂತದ ಗೋಲರ ಮತ್ತು ಹೊಲಿಯರ ಮಾತನ್ನೂ ಚಾಂದಾ ಜಿಲ್ಲೆಯ ಕುರುಮ್ವಾರರ ಮಾತನ್ನೂ ಅಲ್ಲಿ ಕನ್ನಡದ ಉಪಭಾಷೆಗಳೆಂದು ಪರಿಗಣಿಸಲಾಗಿದೆ. ಹೀಗೆ ಕಚೇರಿಯ ಗುಮಾಸ್ತರೂ ರೇಲ್ವೆಯ ನೌಕರರೂ ಬರುವುದಕ್ಕೆ ಎಷ್ಟೋ ಮುಂಚೆ ಈ ಪ್ರದೇಶದಲ್ಲಿ ದನ ಕಾಯುವ, ಕಂಬಳಿ ನೇಯುವ ಕನ್ನಡಿಗರು ಇದ್ದರು. ಅವರ ಕೂಸುಗಳೂ ತೊಟ್ಟಿಲಲ್ಲಿ ಮಲಗಿದುವು. ಅವಕ್ಕೂ ಕನ್ನಡದ ಜೋಗುಳವೇ ನಿದ್ದೆ ತಂದಿತು.

೨

ಮೊದಲು ಬಟ್ಟೆಯ ಮಾತು. ಮೂರನೆಯ ರಘೂಜಿ ಭೋಸಲೆ ೧೮೫೩ರಲ್ಲಿ ಗಂಡು ಸಂತಾನವಿಲ್ಲದೆ ತೀರಿಕೊಂಡ ಮೇಲೆ ೧೮೫೪ರಲ್ಲಿ ನಾಗಪುರ ರಾಜ್ಯವು ಡಾಲ್‌ಹೌಸಿಯ ಕಾಲದ ಕಂಪನಿ ಸರಕಾರದ ವಶವಾಯಿತು; ೧೮೬೧ರಲ್ಲಿ ಮಧ್ಯಪ್ರಾಂತದ ರಚನೆಯಾಗಿ ನಾಗಪುರ ಅದರ ರಾಜಧಾನಿಯಾಯಿತು. ಭೋಸಲೆಯವರ ಕಾಲದಿಂದಲೂ ಈ ನಗರದಲ್ಲಿ ಕೋಷ್ಟಿ ನೇಕಾರರ ದೊಡ್ಡ ವಸತಿಯಿತ್ತು. ನಾಗಪುರ, ಉಮರೇಡ, ಭಂಡಾರಾ ಕಡೆಯ ಪವನಿ ಮುಂತಾದ ಊರುಗಳ ರೇಶಿಮೆಯಂಚಿನ ಧೋತರಗಳೂ ಲುಗಡೆಗಳೂ ದೂರದೂರದ ಪೇಟೆಗಳಲ್ಲಿ ಹೆಸರಾಗಿದ್ದುವು. ೧೮೬೫ರ ಡಿಸೆಂಬರದಲ್ಲಿ ನಾಗಪುರದಲ್ಲಿ ಕಲೆ, ಕೈಗಾರಿಕೆ ಮತ್ತು ಉತ್ಪನ್ನಗಳ ದೊಡ್ಡ ಪ್ರದರ್ಶನವೊಂದು ನಡೆಯಿತು. ಮರುವರ್ಷವೇ ಫೋರ್ಬ್ಸ್ ವಾಟ್ಸನ್ನರು ಭಾರತದ ಬಟ್ಟೆಗಳ ೭೦೦ ಮಾದರಿಗಳನ್ನು ಕತ್ತರಿಸಿ ಅಂಟಿಸಿದ ೧೮ ಸಂಪುಟಗಳ ಸಂಗ್ರಹವನ್ನು ಸಿದ್ಧಪಡಿಸಿದರು. ಅಂಥ ೨೦ ಪ್ರತಿಗಳಾದುವು. ಇಲ್ಲಿಯ ಜನರು ಏನನ್ನು ಉಡುತ್ತಾರೆಂಬುದನ್ನು ಇಂಗ್ಲೆಂಡಿನ ಗಿರಣಿಗಳವರು ತಿಳಿದು ಅದಕ್ಕೆ ತಕ್ಕಂತೆ ನೇಯಿಸಬೇಕೆಂಬುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಪೇಟೆಯಲ್ಲಿ ಮಾರಾಟವಾಗುವ ಪಾಗು, ಪಂಚೆ, ಸೀರೆಗಳ ಮೇಲೆಯೇ ಅಂಥವರ ಕಣ್ಣು. ಅಜ್ಜಿಯ ಹಳೆಯ ಸೀರೆಯಿಂದ ಹೊಲಿದ ಅಂಗಿಗೆ ಬೆಲೆಯೂ ಇಲ್ಲ, ಗಿರಾಕಿಯೂ ಇಲ್ಲ. ಆದುದರಿಂದ ವ್ಯಾಪಾರದ ಕಣ್ಣಿಗೆ ಅದು ಬಟ್ಟೆಯೇ ಅಲ್ಲ.

ಇಲ್ಲಿ ಒಂದು ಸಾಮ್ಯವನ್ನು ಗಮನಿಸಬೇಕು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (೧೮೬೧-೬೫) ಲ್ಯಾಂಕಶೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಾಗ ಭಾರತದ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂದಿತು. ಆಗ ವ್ಯಾಪಾರಿಗಳ ಬಾಯಲ್ಲಿದ್ದ ಹೆಸರುಗಳಲ್ಲಿ ಎರಡು ನಮ್ಮ ವಿಷಯಕ್ಕೆ ಸಂಬಂಧಪಟ್ಟವು: ನಾಗಪುರದ ದಕ್ಷಿಣಕ್ಕಿರುವ ಹಿಂಗಣಘಾಟದ ಹತ್ತಿ ಒಂದು, ಧಾರವಾಡದ ಅಮೆರಿಕನ್ ಹತ್ತಿ ಇನ್ನೊಂದು. ಎರಡೂ ಮುಂಬಯಿಯ ದಾರಿಯಾಗಿ ಹಡಗೇರಿದುವು. ರೈತನಿಗೆ ಹಣ ಬಂದಿತು ನಿಜ. ಆದರೆ ನೂಲು ದುಬಾರಿಯಾಗಿ ಕೈಮಗ್ಗದವನು ಸೊರಗಿದನು, ಬಟ್ಟೆಯೂ ದುಬಾರಿಯಾಯಿತು. ಹತ್ತಿ ಬೆಳೆಯುವ ನಾಡಿನ ತಾಯಿಯೇ ಹಳೆಯ ಅರಿವೆಯನ್ನು ಮೊದಲಿಗಿಂತಲೂ ಜೋಪಾನ ಮಾಡಬೇಕಾದ ಕಾಲ ಅದು.

೩

ಇನ್ನು ಬಟ್ಟೆಗಳನ್ನು ಒಂದೊಂದಾಗಿ ನೋಡೋಣ. ನಾಗಪುರದ ಮರಾಠಿ ಮನೆಗಳಲ್ಲಿ ಬಾಣಂತಿಗೂ ಕೂಸಿಗೂ ಕೊಡುವ ಉಡುಗೊರೆಗೆ ‘ಬಾಳಂತವಿಡಾ’ ಎಂದು ಹೆಸರು. ಅದರಲ್ಲಿ ಝಬಲೆ, ಟೋಪರೆ, ಕುಂಚಿ, ದುಪಟೆಗಳು ಇರುತ್ತವೆ. ನಮ್ಮ ಧಾರವಾಡ, ವಿಜಾಪುರ, ಬೆಳಗಾವಿಯ ಕಡೆ ಏಳನೆಯ ತಿಂಗಳಿನ ಕುಬಸದಿಂದ ಆರಂಭವಾಗುವ ತವರಿನ ಕರ್ತವ್ಯವು, ಮಗಳನ್ನು ಕೂಸಿನೊಡನೆ ಅತ್ತೆಯ ಮನೆಗೆ ಕಳುಹಿಸುವಾಗ ತೊಟ್ಟಿಲು, ಕುಂಚಿಗೆ, ಕುಲಾವಿ, ಕೌದಿಗಳನ್ನು ಕೊಡುವುದರಲ್ಲಿ ಮುಗಿಯುತ್ತದೆ. ಹೆಸರುಗಳನ್ನು ಎದುರುಬದುರಿಗೆ ಇಟ್ಟು ನೋಡಿದರೆ ಎರಡು ಮನೆಗಳ ನಡುವಿನ ಗೋಡೆ ಎಷ್ಟು ತೆಳ್ಳಗಿದೆಯೆಂಬುದು ತಿಳಿಯುತ್ತದೆ. ಅವರ ಕುಂಚಿಯೇ ನಮ್ಮ ಕುಂಚಿಗೆ. ಮೋಲ್ಸ್‌ವರ್ತರ ಮರಾಠಿ ನಿಘಂಟಿನಲ್ಲಿಯೂ (೧೮೩೧, ಎರಡನೆಯ ಮುದ್ರಣ ೧೮೫೭) ಕಿಟ್ಟೆಲರ ಕನ್ನಡ ನಿಘಂಟಿನಲ್ಲಿಯೂ (೧೮೯೪) ಈ ಶಬ್ದಕ್ಕೆ ಸ್ಥಾನ ದೊರೆತಿದೆ. ಅವರ ದುಪಟೆಯು ನಮ್ಮ ದುಪ್ಪಟಿಯ ಒಡಹುಟ್ಟು. ಎರಡು ಪಟ್ಟು ಬಟ್ಟೆಯೆಂಬ ಅರ್ಥ ಶಬ್ದದಲ್ಲಿಯೇ ಇದೆ. ದೊಡ್ಡವರು ಹೊದೆಯುವ ದುಪ್ಪಟಿ ಮರಾಠಿಯಲ್ಲಿ ಕೂಸಿನ ಹೊದಿಕೆಯಾಗಿ ಚಿಕ್ಕದಾಯಿತು. ನಮ್ಮ ಕುಲಾವಿಯು ಪಾರಸಿಯ ‘ಕುಲಾಹ’ದಿಂದ ಬಂದುದು. ದೊರೆಗಳ ದರಬಾರದಿಂದ ಹೊರಟ ಟೊಪ್ಪಿಗೆಯೊಂದು ಕೂಸಿನ ನೆತ್ತಿಯ ಮೇಲೆ ಬಂದು ಕುಳಿತುದು ಶಬ್ದಚರಿತ್ರೆಯ ಒಂದು ವಿನೋದ.

ಇವುಗಳಲ್ಲಿ ಅತ್ಯಂತ ಸರಳವಾದುದು ಮರಾಠಿಗರು ‘ಬಾಳೋತೆ’ ಎನ್ನುವ ಚೌಕ ಅರಿವೆ. ಹಳೆಯ ಸೀರೆ, ಧೋತರಗಳನ್ನು ಹರಿದು ಮಾಡಿದ್ದು. ಅದಕ್ಕೆ ಹೊಲಿಗೆಯೇ ಇಲ್ಲ. ಅದರ ಮೇಲಿನದು ಝಬಲೆ, ಎಂದರೆ ಕೂಸಿನ ಅಂಗಿ. ಇದರ ಕತ್ತರಿಕೆಯಲ್ಲಿ ಬಟ್ಟೆಯ ಒಂದು ಚೂರೂ ವ್ಯರ್ಥವಾಗುವುದಿಲ್ಲ. ಆಯತಾಕಾರದ ತುಂಡೊಂದನ್ನು ಮಡಚಿ, ನಡುವೆ ಕುತ್ತಿಗೆಗಾಗಿ ಸೀಳಿ, ಪಕ್ಕದಲ್ಲಿ ಎರಡು ಚಿಕ್ಕ ತೋಳುಗಳನ್ನು ಕೂಡಿಸಿ, ಒಂದು ಬದಿಯನ್ನು ಪೂರ್ತಿ ತೆರೆದಿಟ್ಟು ಕಸಿಗಳಿಂದ ಕಟ್ಟುತ್ತಾರೆ. ಗುಂಡಿಯಿಲ್ಲ, ಗುಂಡಿ ಒತ್ತುತ್ತದೆ, ಕಿತ್ತುಬಂದರೆ ಕೂಸಿನ ಬಾಯಿಗೆ ಹೋಗುತ್ತದೆ. ಕುತ್ತಿಗೆ ಗಟ್ಟಿಯಾಗದ ಕೂಸಿಗೆ ತಲೆಯ ಮೇಲಿಂದ ಅಂಗಿ ತೊಡಿಸುವುದು ಕಷ್ಟ. ತೆರೆದ ಅಂಗಿಯಾದರೆ ಅದರ ಮೇಲೆ ಕೂಸನ್ನು ಮಲಗಿಸಿ ಸುತ್ತಿ ಕಟ್ಟಿದರೆ ಆಯಿತು. ಹೊಲಿಗೆಯ ಅಂಚನ್ನು ಎಳೆಯ ಚರ್ಮಕ್ಕೆ ತಾಗದಂತೆ ಹೊರಮುಖವಾಗಿ ಬಿಡುವ ರೂಢಿಯೂ ಉಂಟು. ಯಾವ ಪುಸ್ತಕದಿಂದಲೂ ಬಂದ ಬುದ್ಧಿಯಲ್ಲ ಇದು. ತಲೆತಲಾಂತರದ ತಾಯಂದಿರ ಅನುಭವದ ಸಾರ.

ಕುಂಚಿಗೆಯು ಇವೆಲ್ಲಕ್ಕಿಂತ ವಿಶಿಷ್ಟವಾದುದು. ಉದ್ದನೆಯ ತುಂಡೊಂದರ ಒಂದು ತುದಿಯನ್ನು ಮಡಚಿ, ಹಿಂಬದಿಯನ್ನು ಹೊಲಿದು ತಲೆಗವುಸು ಮಾಡಿ, ಉಳಿದ ಭಾಗವನ್ನು ಬೆನ್ನ ಮೇಲೆ ಇಳಿಬಿಟ್ಟರೆ ಕುಂಚಿಗೆಯಾಯಿತು. ಗದ್ದದ ಕೆಳಗೆ ಕಸಿ. ತಲೆ, ಕಿವಿ, ಬೆನ್ನು ಮೂರಕ್ಕೂ ಒಂದೇ ರಕ್ಷಣೆ. ಧಾರವಾಡದ ಮಳೆಗಾಲದ ತಣ್ಣನೆಯ ಗಾಳಿಗೆ ಅದು ಬೇಕು. ನಾಗಪುರದ ಮಾಘದ ಚಳಿಗೂ ಬೇಕು, ವೈಶಾಖದ ಬಿಸಿಗಾಳಿಯಲ್ಲಿ ಕೂಸನ್ನು ಹೊರಗೆ ಎತ್ತಿಕೊಂಡು ಹೋಗಬೇಕಾದರೂ ಬೇಕು. ಹವೆ ಬೇರೆಯಾದರೂ ಆಕಾರ ಒಂದೇ. ಬದಲಾಗುವುದು ಒಳಪದರು ಮಾತ್ರ: ಅಲ್ಲಿ ದಪ್ಪ, ಇಲ್ಲಿ ಬೇಸಗೆಗಾಗಿ ತೆಳುವು.

೪

ಕುಂಚಿಗೆ ಕುಲಾವಿಗಳ ಮೇಲ್ಪದರಿಗೆ ನಮ್ಮವರು ಆರಿಸಿಕೊಂಡುದು ಗುಳೇದಗುಡ್ಡದ ಖಣ. ಕುಪ್ಪಸಕ್ಕೆಂದು ನೇಯುವ ಈ ಬಟ್ಟೆಯಲ್ಲಿ ಚಿಕ್ಕ ಚಿಕ್ಕ ಹೂಗಳು ಮಗ್ಗದ ಮೇಲೆಯೇ ಮೂಡುತ್ತವೆ. ಕುಪ್ಪಸ ಹೊಲಿದು ಉಳಿದ ತುಂಡುಗಳನ್ನು ತ್ರಿಕೋನವಾಗಿ ಕತ್ತರಿಸಿ ಕೂಡಿಸಿದರೆ ಕುಲಾವಿ. ಹೀಗೆ ತಾಯಿಯ ಕುಪ್ಪಸವೂ ಮಗುವಿನ ಟೊಪ್ಪಿಗೆಯೂ ಒಂದೇ ಖಣದವಾಗಿರುವುದುಂಟು.

ಇದಕ್ಕಿಂತಲೂ ಹೆಚ್ಚಿನ ಶ್ರಮದ್ದು ಕಸೂತಿಯ ಕುಂಚಿಗೆ. ಧಾರವಾಡ ಪ್ರಾಂತದ ಕಸೂತಿಯನ್ನು ಇಳಕಲ್ ಸೀರೆಯ ಸೆರಗಿನ ಮೇಲೆ ಮಾತ್ರ ನೋಡಿದವರು ಅದರ ಅರ್ಧವನ್ನಷ್ಟೇ ನೋಡಿದ್ದಾರೆ. ಕುಲಾವಿ ಕುಂಚಿಗೆಗಳೂ ಅದರ ಹಳೆಯ ಕ್ಷೇತ್ರಗಳೇ. ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಬಟ್ಟೆಯ ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲುಗಳನ್ನು ತೆಗೆಯುತ್ತಾರೆ. ಮೊದಲು ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ, ಎಣಿಕೆಯೇ ಚಿತ್ರ. ಗಾವಂತಿ ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಮುಖ ಒಂದೇ ಆಗಿ ಕಾಣುತ್ತದೆ, ಹಿಂಬದಿಯಲ್ಲಿ ಗಂಟು ಬೀಳುವುದಿಲ್ಲ. ಇದನ್ನು ಕೇವಲ ಕುಶಲತೆಯ ಪ್ರದರ್ಶನವೆಂದು ಹೊಗಳುವವರು ಒಂದು ಮಾತನ್ನು ಮರೆಯುತ್ತಾರೆ. ಕೂಸಿನ ತಲೆಗೆ ತಾಗುವ ಬಟ್ಟೆಯಲ್ಲಿ ಗಂಟಿರಬಾರದು. ಸಡಿಲವಾದ ಎಳೆಯಿದ್ದರೆ ಬೆರಳಿಗೆ ಸುತ್ತಿಕೊಳ್ಳುತ್ತದೆ. ಈ ಕಲೆಯ ನಿಯಮ ತೊಟ್ಟಿಲಿನ ಅಗತ್ಯಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದನ್ನು ಕಸೂತಿಯ ವಿಮರ್ಶಕರು ಗಮನಿಸಬೇಕು.

ತೊಟ್ಟಿಲಿನ ಕೆಳಹಾಸಿಗೆ ಬೇಕಾದುದು ಕೌದಿ. ನಾಗಪುರದ ಕಡೆ ಅದಕ್ಕೆ ಗೋಧಡಿ, ವಾಕಳ ಎಂಬ ಹೆಸರುಗಳಿವೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಒಳಗೆ ಸುತ್ತುತ್ತ ಹೊಲಿಯುವ ಕೆಲಸ ಅದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಮಕ್ಕಳಿಗಾಗಿ ಮಾಡುವ ಚಿಕ್ಕ ಕೌದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯ ‘ಫೂಲ’ಗಳನ್ನು ಇಡುತ್ತಾರೆ; ಫೂಲವಿಲ್ಲದ ಕೌದಿ ಅವರ ಭಾವನೆಯಲ್ಲಿ ಬತ್ತಲೆ. ಬಡತನದ ಚಿಂದಿಯಲ್ಲಿಯೂ ಪೂರ್ಣತೆಯನ್ನು ಬಯಸುವ ಮನಸ್ಸು ಇದು.

೫

ಹುಟ್ಟಿದ ಕೂಸಿಗೆ ಹಳೆಯ ಬಟ್ಟೆಯೇ ಏಕೆ? ಇದು ಬಡವರ ಮನೆಯ ಅನಿವಾರ್ಯತೆ ಮಾತ್ರವಾಗಿದ್ದರೆ ಸಿರಿವಂತರ ಮನೆಯಲ್ಲಿ ಈ ಪದ್ಧತಿ ಇರಬಾರದಾಗಿತ್ತು. ಆದರೆ ಅಲ್ಲಿಯೂ ಮೊದಲ ದಿನಗಳಲ್ಲಿ ಕೂಸನ್ನು ಸುತ್ತುವುದು ಹಿರಿಯರು ಉಟ್ಟು ಸವೆದ ಬಟ್ಟೆಯಲ್ಲಿಯೇ. ಹೊಸ ಬಟ್ಟೆ ಸಾಮಾನ್ಯವಾಗಿ ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ. ಮೊದಲನೆಯ ಕಾರಣ ಬಟ್ಟೆಯ ಗುಣದಲ್ಲಿಯೇ ಇದೆ. ಕೈಮಗ್ಗದ ಹಾಸಿನ ನೂಲಿಗೆ ಗಂಜಿ ಹಾಕದೆ ನೇಯಲಾಗುವುದಿಲ್ಲ. ಹೊಸ ಬಟ್ಟೆ ಆ ಗಂಜಿಯಿಂದ ಒರಟಾಗಿರುತ್ತದೆ, ನೀರನ್ನು ಬೇಗ ಹೀರುವುದಿಲ್ಲ. ನೂರಾರು ಸಲ ಒಗೆದ ಸೀರೆಯಲ್ಲಿ ಗಂಜಿ ಹೋಗಿ, ಬಿಗಿ ಸಡಿಲಿ, ಎಳೆ ಹತ್ತಿಯ ಮೃದುತ್ವಕ್ಕೆ ಮರಳಿರುತ್ತದೆ. ಹದಿನೆಂಟು ಮೊಳದ ಒಂದು ಹಳೆಯ ಸೀರೆಯ ಸವೆದ ನಡುಭಾಗವನ್ನು ಅರಿವೆಗಳಿಗೂ, ಗಟ್ಟಿಯಾದ ಭಾಗವನ್ನು ಅಂಗಿ ದುಪಟೆಗಳಿಗೂ, ಅಂಚನ್ನು ಕಸಿಗೂ ಬಳಸಿದರೆ ಒಂದು ಕೂಸಿನ ಮೊದಲ ತಿಂಗಳುಗಳ ಬಟ್ಟೆಯ ಬಹುಭಾಗ ಅದರಲ್ಲಿಯೇ ಆಗುತ್ತದೆ.

ಎರಡನೆಯ ಕಾರಣ ಭಯ. ಆ ಕಾಲದಲ್ಲಿ ಈ ಪ್ರಾಂತಗಳಲ್ಲಿ ಹುಟ್ಟಿದ ನಾಲ್ಕೈದು ಮಕ್ಕಳಲ್ಲಿ ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿತ್ತು. ೧೮೯೬-೯೭ ಮತ್ತು ೧೮೯೯-೧೯೦೦ರ ಬರಗಾಲಗಳು ಮಧ್ಯಪ್ರಾಂತವನ್ನು ಎಷ್ಟು ಹಣ್ಣುಮಾಡಿದುವೆಂದರೆ ೧೯೦೧ರ ಜನಗಣತಿಯಲ್ಲಿ ಜನಸಂಖ್ಯೆ ೧೮೯೧ಕ್ಕಿಂತ ಕಡಿಮೆಯಾಗಿತ್ತು. ಹೆಸರಿಡುವವರೆಗೆ ಕೂಸು ಇನ್ನೂ ಪೂರ್ತಿಯಾಗಿ ನಮ್ಮದಲ್ಲ ಎಂಬ ಭಾವನೆ ಎರಡೂ ನಾಡುಗಳಲ್ಲಿ ಇತ್ತು. ಐದನೆಯ ಆರನೆಯ ದಿನ ಸೆಟವಿಯ ಪೂಜೆ. ಅವಳು ಬಂದು ಹಣೆಬರಹ ಬರೆಯುವಳೆಂಬ ನಂಬಿಕೆ. ಹೊಸ ಬಟ್ಟೆ ತೊಡಿಸಿ ಸಂಭ್ರಮಿಸಿದರೆ ದೃಷ್ಟಿ ತಾಗೀತು. ದೀರ್ಘಾಯುಷಿಗಳಾದ ಅಜ್ಜ ಅಜ್ಜಿಯರ ಬಟ್ಟೆಯಲ್ಲಿ ಸುತ್ತಿದರೆ ಅವರ ಆಯುಷ್ಯ ಅಂಟೀತು. ಮೊದಲ ಮಕ್ಕಳನ್ನು ಕಳೆದುಕೊಂಡ ತಾಯಿಯು ಮಕ್ಕಳು ಬದುಕಿ ಬೆಳೆದ ಮನೆಗಳಿಗೆ ಹೋಗಿ ಅರಿವೆಯ ತುಂಡುಗಳನ್ನು ಬೇಡಿ ತಂದು ಅಂಗಿ ಹೊಲಿಯುವುದೂ ಉಂಟು. ಬದುಕಲೆಂದು ಕೂಸಿಗೆ ತಿಪ್ಪ, ಗುಂಡ ಎಂದೂ, ಮರಾಠಿಯಲ್ಲಿ ಭಿಕಾ, ಧೋಂಡೂ ಎಂದೂ ಹೆಸರಿಡುವುದಕ್ಕೂ ಇದಕ್ಕೂ ತಾತ್ಪರ್ಯ ಒಂದೇ: ಈ ಕೂಸಿಗೆ ಬೆಲೆಯಿಲ್ಲ, ಮೃತ್ಯುವೇ, ಇದನ್ನು ಬಿಟ್ಟು ಮುಂದೆ ಹೋಗು. ಬೇಡಿ ತಂದ ಚಿಂದಿಯ ಅಂಗಿಯು ನೋಟಕ್ಕೆ ದಾರಿದ್ರ್ಯದ ಗುರುತು. ವಾಸ್ತವವಾಗಿ ಅದು ತಾಯಿಯೊಬ್ಬಳು ಮೃತ್ಯುವಿನೊಡನೆ ಹೂಡಿದ ಉಪಾಯ.

ಕಪ್ಪು ಬಟ್ಟೆಯ ವಿಚಾರವೂ ಇಲ್ಲಿಗೆ ಸೇರುತ್ತದೆ. ಎಳೆಯ ಮಕ್ಕಳಿಗೆ ಸಾಮಾನ್ಯವಾಗಿ ನಿಷಿದ್ಧವಾದ ಈ ಬಣ್ಣವನ್ನು ಮೊದಲ ಸಂಕ್ರಾಂತಿಯ ಸಮಯದಲ್ಲಿ ಬುದ್ಧಿಪೂರ್ವಕವಾಗಿ ತೊಡಿಸುತ್ತಾರೆ. ಮರಾಠಿಗರು ಕರಿಯ ಝಬಲೆಯ ಮೇಲೆ ಸಕ್ಕರೆಯ ಕುಸುರೆಳ್ಳಿನ ಆಭರಣಗಳನ್ನು ಹಾಕಿ ಬೋರೆಹಣ್ಣುಗಳನ್ನು ಸುರಿದು ‘ಬೋರನ್ಹಾಣ’ ಮಾಡಿದರೆ, ನಮ್ಮವರು ಅಂಥದೇ ವಿಧಿಯನ್ನು ‘ಕರಿ ಎರೆಯುವುದು’ ಎನ್ನುತ್ತಾರೆ. ನಾಗಪುರದ ಕನ್ನಡ ಮನೆಗೆ ನೆರೆಯ ಮರಾಠಿ ಹೆಂಗಸು ಆ ದಿನ ಬಂದರೆ ಅವಳಿಗೆ ಏನನ್ನೂ ವಿವರಿಸಿ ಹೇಳಬೇಕಾಗಿಲ್ಲ.

೬

ಶತಮಾನದ ಕೊನೆಯ ಮೂರನೆಯ ಭಾಗದಲ್ಲಿ ಈ ಲೋಕಕ್ಕೆ ಹೊಸ ಗಾಳಿ ಬೀಸಿತು. ೧೮೬೭ರಲ್ಲಿ ರೇಲ್ವೆ ನಾಗಪುರವನ್ನು ಮುಟ್ಟಿತು. ೧೮೭೭ರ ಜನವರಿ ೧ರಂದು, ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ದಿಲ್ಲಿಯಲ್ಲಿ ಸಾರಿದ ದಿನವೇ, ಜಮಶೇಟಜಿ ಟಾಟಾರ ಎಂಪ್ರೆಸ್ ಗಿರಣಿ ಸುಮಾರು ೩೦,೦೦೦ ಕದಿರು ಮತ್ತು ೪೫೦ ಮಗ್ಗಗಳೊಡನೆ ಇಲ್ಲಿ ಆರಂಭವಾಯಿತು. ಹತ್ತಿ ಬೆಳೆಯುವಲ್ಲಿಯೇ ಗಿರಣಿ ಇರಬೇಕೆಂಬುದು ಅವರ ವಿಚಾರ. ಅಗ್ಗದ ನೂಲು ಕೋಷ್ಟಿಗಳಿಗೂ ದೊರೆಯಿತು. ಅದರೊಡನೆ ಅಗ್ಗದ ಬಟ್ಟೆಯ ಸ್ಪರ್ಧೆಯೂ ಬಂದಿತು. ೧೮೬೯ರ ಸುಮಾರಿಗೆ ರಾಸಾಯನಿಕವಾಗಿ ತಯಾರಾದ ಕೆಂಪು ಬಣ್ಣವು ಪೇಟೆಗೆ ಬಂದು ಸುರಂಜಿ ಬೇರಿನ ಬಣ್ಣಗಾರರ ಅನ್ನವನ್ನು ಕಸಿಯತೊಡಗಿತು. ಸಿಂಗರ್ ಹೊಲಿಗೆಯಂತ್ರ ಶಿಂಪಿಗರ ಅಂಗಡಿಗಳನ್ನು ಸೇರಿತು. ಸೂಜಿಕಾಯಕದ ರಾಮಿತಂದೆಯನ್ನು ಶರಣರ ಸಾಲಿನಲ್ಲಿ ಕೂರಿಸಿದ ನಾಡಿನಲ್ಲಿ ಸೂಜಿಯ ಕಾಯಕಕ್ಕೆ ಕಬ್ಬಿಣದ ಪ್ರತಿಸ್ಪರ್ಧಿ ಹುಟ್ಟಿತು.

ಕಾಮಠಿಯ ದಂಡಿನ ಯುರೋಪಿಯನ್ ಕುಟುಂಬಗಳು ಮತ್ತು ೧೮೪೫ರಲ್ಲಿ ನಾಗಪುರಕ್ಕೆ ಬಂದ ಸ್ಟೀಫನ್ ಹಿಸ್ಲಾಪರ ಸ್ಕಾಟಿಷ್ ಮಿಶನ್, ಕನ್ನಡ ನಾಡಿನಲ್ಲಿ ಬಾಸೆಲ್ ಮಿಶನ್, ಇವರ ಮೂಲಕ ಇನ್ನೊಂದು ಶೈಲಿ ಒಳಬಂದಿತು. ಸ್ಕಾಟ್‌ಲಂಡಿನ ಏರ್‌ಶೈರಿನಲ್ಲಿ ಬಿಳಿಯ ಮಲಮಲಿನ ಮೇಲೆ ಬಿಳಿಯ ದಾರದಿಂದ ಕಸೂತಿ ಮಾಡಿದ ನೀಳವಾದ ಶಿಶುನಿಲುವಂಗಿಗಳು ಆ ಶತಮಾನದಲ್ಲಿ ಪ್ರಸಿದ್ಧವಾಗಿದ್ದುವು. ಮಿಶನ್ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೆಣಿಗೆಗಳ ಪಾಠವಿತ್ತು. ಉಣ್ಣೆಯ ಕಾಲುಚೀಲ, ಹೆಣೆದ ಟೊಪ್ಪಿಗೆ, ನೆರಿಗೆಯ ಫ್ರಾಕುಗಳು ಮೊದಲು ವಿದ್ಯಾವಂತರ ಮನೆಗಳಿಗೆ, ಆಮೇಲೆ ಉಳಿದವರ ಮನೆಗಳಿಗೆ ಬಂದುವು. ಆದರೆ ಗಮನಿಸಬೇಕಾದ ಸಂಗತಿಯೆಂದರೆ, ಹೊಸದೆಲ್ಲವೂ ಕೂಸಿನ ಮೇಲುಡುಪನ್ನು ಹಿಡಿಯಿತೇ ಹೊರತು ಒಳಬಟ್ಟೆಯನ್ನು ಮುಟ್ಟಲಿಲ್ಲ. ತೋರಿಕೆಗೆ ಫ್ರಾಕು ಬಂದರೂ ಮೈಗೆ ತಾಗುವುದು ಅಜ್ಜಿಯ ಸೀರೆಯೇ ಆಗಿ ಉಳಿಯಿತು. ಒಗೆತಕ್ಕೆ ಬಣ್ಣ ಬಿಡುವ ಅಗ್ಗದ ಬಟ್ಟೆಯನ್ನು ಚೀಪುವ ಕೂಸಿಗೆ ತೊಡಿಸಲು ಯಾವ ತಾಯಿಯೂ ಒಪ್ಪುವಂತಿರಲಿಲ್ಲ.

ರೇಲ್ವೆಯಿಂದ ಹೊರನಾಡ ಕನ್ನಡಿಗರಿಗೆ ಬಂದ ಲಾಭ ಬೇರೆ ಬಗೆಯದು. ೧೮೮೦ರ ದಶಕದಲ್ಲಿ ದಕ್ಷಿಣ ಮರಾಠಾ ರೇಲ್ವೆಯು ಗದಗ, ವಿಜಾಪುರಗಳನ್ನು ಹೊಟಗಿಯ ಮೂಲಕ ದೊಡ್ಡ ಮಾರ್ಗಕ್ಕೆ ಕೂಡಿಸಿತು. ಅಲ್ಲಿಂದ ಸೊಲ್ಲಾಪುರ, ಮನಮಾಡ, ಭುಸಾವಳಗಳ ಮೇಲೆ ನಾಗಪುರಕ್ಕೆ ದಾರಿಯಾಯಿತು. ಚೊಚ್ಚಲ ಬಸಿರಿಗೆ ತವರಿಗೆ ಹೋಗುವುದೂ ಕುಂಚಿಗೆ ಕೌದಿಗಳ ಗಂಟಿನೊಡನೆ ಮರಳುವುದೂ ತಿಂಗಳುಗಟ್ಟಲೆಯ ಬಂಡಿಯ ಪ್ರಯಾಣವಾಗಿ ಉಳಿಯಲಿಲ್ಲ. ಹೊರನಾಡಿನಲ್ಲಿ ಭಾಷೆಯನ್ನು ಉಳಿಸಿದವರು ಯಾರೆಂದು ನಾವು ವಿಚಾರಿಸುವಾಗ ಸಂಘಗಳನ್ನೂ ಗ್ರಂಥಾಲಯಗಳನ್ನೂ ಎಣಿಸುತ್ತೇವೆ. ಎಣಿಕೆಗೆ ಬಾರದ ಈ ಗಂಟೂ ಅದರಲ್ಲಿ ಪಾಲುಗಾರ. ‘ಕುಂಚಿಗೆ’ ಎಂಬ ವಸ್ತು ಮನೆಯಲ್ಲಿ ಇರುವವರೆಗೆ ಆ ಶಬ್ದವೂ ಮನೆಯಲ್ಲಿ ಇರುತ್ತದೆ.

೭

ಕೊನೆಯದಾಗಿ, ಈ ವಸ್ತ್ರಗಳು ಏಕೆ ಉಳಿದಿಲ್ಲ ಎಂಬ ಪ್ರಶ್ನೆ. ಲಂಡನ್ನಿನ ಅನಾಥಶಿಶು ಆಸ್ಪತ್ರೆಯ ಹದಿನೆಂಟನೆಯ ಶತಮಾನದ ದಾಖಲೆಗಳಲ್ಲಿ ಸುಮಾರು ೫,೦೦೦ ಬಟ್ಟೆಯ ತುಂಡುಗಳು ಇಂದಿಗೂ ಭದ್ರವಾಗಿವೆ. ೧೭೪೧ರಿಂದ ಆ ಸಂಸ್ಥೆಯು ಕೂಸುಗಳನ್ನು ಸೇರಿಸಿಕೊಳ್ಳುತ್ತಿತ್ತು. ತಾಯಿ ಎಂದಾದರೂ ಮರಳಿ ಬಂದರೆ ಗುರುತು ಹಿಡಿಯಲೆಂದು ಕೂಸಿನ ಉಡುಪಿನಿಂದ ಕತ್ತರಿಸಿದ ತುಂಡೊಂದನ್ನು ಕಾಗದಕ್ಕೆ ಚುಚ್ಚಿ ಇಡುವ ರೂಢಿ ಅಲ್ಲಿತ್ತು. ಅಗಲಿಕೆಯಿಂದಾಗಿ ಅಲ್ಲಿ ಬಟ್ಟೆ ಉಳಿಯಿತು. ನಮ್ಮಲ್ಲಿ ಅದು ಅಳಿದುದು ಕೂಡಿಬಾಳಿದ್ದರಿಂದ. ಒಂದು ಕುಂಚಿಗೆ ಅಣ್ಣನಿಂದ ತಮ್ಮನಿಗೆ, ತಂಗಿಗೆ, ನೆರೆಮನೆಯ ಕೂಸಿಗೆ ಹೋಗಿ, ಹರಿದು ಕೌದಿಯ ಪದರಾಗಿ, ಕೊನೆಗೆ ಒರಸುವ ಅರಿವೆಯಾಗಿ ಮುಗಿಯಿತು. ಅದರ ನಾಶವೇ ಅದರ ಸಾರ್ಥಕತೆ. ೧೮೬೩ರಲ್ಲಿ ಸ್ಥಾಪಿತವಾದ ನಾಗಪುರದ ವಸ್ತುಸಂಗ್ರಹಾಲಯಕ್ಕೆ ಶಾಸನವನ್ನು ತಂದುಕೊಡುವವರು ಇದ್ದರು. ಕೂಸಿನ ಹಳೆಯ ಅಂಗಿಯನ್ನು ತಂದುಕೊಡಬೇಕೆಂದು ಯಾರಿಗೆ ತೋಚೀತು?

ಆದರೂ ಕೆಲವು ಮನೆಗಳ ಪೆಟ್ಟಿಗೆಗಳ ತಳದಲ್ಲಿ ಒಂದೊಂದು ಕುಂಚಿಗೆ, ಒಂದೊಂದು ಖಣದ ಕುಲಾವಿ ಇನ್ನೂ ಇರುವುದು ಸಂಭವ. ಅಂಥವುಗಳನ್ನು ಬಲವಾಗಿ ಒಗೆಯದೆ, ಗಂಜಿ ಇಸ್ತ್ರಿಗಳನ್ನು ಮಾಡದೆ, ತೊಳೆದ ಬಿಳಿಯ ಅರಿವೆಯಲ್ಲಿ ಸಡಿಲವಾಗಿ ಸುತ್ತಿಡಬೇಕು. ಅದಕ್ಕಿಂತ ಮುಖ್ಯವಾಗಿ, ಯಾವ ಊರಿನ ಬಟ್ಟೆ, ಯಾರು ಹೊಲಿದದ್ದು, ಯಾವ ಸೀರೆಯಿಂದ ಬಂದದ್ದು, ಎಷ್ಟು ಮಕ್ಕಳು ತೊಟ್ಟದ್ದು, ಅದರ ಒಂದೊಂದು ಭಾಗಕ್ಕೆ ಮನೆಯಲ್ಲಿ ಏನು ಹೆಸರು ಎಂಬುದನ್ನು ಹಿರಿಯ ಹೆಂಗಸರಿಂದ ಕೇಳಿ ಬರೆದಿಡಬೇಕು. ಅಳತೆಯನ್ನೂ ಹೊಲಿಗೆಯ ಬಗೆಯನ್ನೂ ಗುರುತಿಸಿಕೊಳ್ಳಬೇಕು. ಶಾಸನದ ಪಡಿಯಚ್ಚು ತೆಗೆಯುವಾಗ ತೋರುವ ಶ್ರದ್ಧೆ ಇದಕ್ಕೂ ಸಲ್ಲಬೇಕು. ಕಲ್ಲಿನ ಮೇಲೆ ಬರೆಯಿಸಿದವರು ತಮ್ಮ ಹೆಸರು ಆಚಂದ್ರಾರ್ಕವಾಗಿ ಇರಲೆಂದು ಬಯಸಿದರು. ಕುಂಚಿಗೆ ಹೊಲಿದವರು ತಮ್ಮ ಕೂಸು ಬರುವ ಚಳಿಗಾಲವನ್ನು ದಾಟಲೆಂದು ಮಾತ್ರ ಬಯಸಿದರು. ಅವರ ಆ ಬಯಕೆ ಕೈಗೂಡಿದ್ದರಿಂದಲೇ ಇಂದು ಅವರ ವಂಶಸ್ಥರು ಈ ಸಾಲುಗಳನ್ನು ಓದುತ್ತಿದ್ದಾರೆ.